ಬಾನಿ ನೀರು

ಹರಿಹರದ ಮೇಲೆ ಬಾಂಬು ಹಾಕುವಷ್ಟು ಸಿಟ್ಟು ಯಾರಿಗಿತ್ತೋ ಆ ಊರಿನ ಶಾಲೆಯವರಿಗೆ ತಿಳಿಯದು. ಆದರೆ ಅರವತ್ತೈದರ ಯುದ್ಧ ಶುರುವಾಗಿತ್ತು. ನಿಮ್ಮೂರಿಗೆ ಹೊಳೆ ಸೇತುವೆಯಿದೆ, ರೈಲಿದೆ, ಕಾರ್ಖಾನೆಯಿದೆ, ವೈರಿಗೆ ಇನ್ನೇನು ಬೇಕು ಎಂದು ದಾವಣಗೆರೆಯಿಂದ ಹುಕುಂ ಬಂತು. ಶಾಲೆಗಳು ಕಂದಕ ತೋಡಬೇಕು. ಸೈರನ್ ಕೂಗಿದ ಕೂಡಲೇ ಮಕ್ಕಳು ಅದರಲ್ಲಿಳಿದು ಕಿವಿ ಮುಚ್ಚಿ ಕೂರುವುದನ್ನು ಕಲಿಯಬೇಕು.

ತೋಡಲು ನೆಲವಿತ್ತು. ಕೂಗಲು ಸೈರನ್ ಇರಲಿಲ್ಲ. ಮೈಲಪ್ಪ ಇದ್ದ.

ಮೈಲಪ್ಪ ಆ ಶಾಲೆಯ ಕಿರಿಯ ಮೇಷ್ಟ್ರು. ಚರ್ಮ ಹದ ಮಾಡುವ ಮಾದಿಗರ ಕೇರಿಯಿಂದ ದಾವಣಗೆರೆಯ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿ ಬಂದ ಮೊದಲನೆಯವನು. ಬಿ.ಎ. ಓದಿದ ಮೈಲಪ್ಪ ‘ಬ್ಯಾ’ ಎಂದರೆ ದಾರಿಯಲ್ಲಿ ಹೋಗುವ ಕುರಿ ನಿಂತು ತಿರುಗಿ ನೋಡುತ್ತಿತ್ತು. ಅಂಥ ಗಂಟಲು. ರೈಲಿನ ಸಿಳ್ಳು, ಸಾಹೇಬರ ಕೆಮ್ಮು, ಸಂತೆಯಲ್ಲಿ ಬದನೆಕಾಯಿ ಮಾರುವವಳ ಜಗಳ, ಯಾವುದನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ಅವನದಾಗುತ್ತಿತ್ತು. ಕಾಲೇಜಿನ ದಿನಗಳಲ್ಲಿ ಕೇಳಿದ್ದ ಹತ್ತಿ ಗಿರಣಿಯ ಕೂಗನ್ನೇ ಏರಿಸಿ ಇಳಿಸಿ ಸೈರನ್ ಮಾಡಿದ. ಏರಿಳಿಯುವ ಕೂಗು ಅಪಾಯಕ್ಕೆ. ಒಂದೇ ಸಮನೆ ಎಳೆದ ಕೂಗು ಅಪಾಯ ಕಳೆಯಿತು ಎನ್ನಲು. ಅದಕ್ಕೆ ಆಲ್ ಕ್ಲಿಯರ್ ಎಂದು ಹೆಸರು.

“ಮೈಲಪ್ಪ ಸೈ ಅಂದ್ರೆ ಮಕ್ಳು ರನ್. ಅದ್ಕೇ ಸೈರನ್,” ಎಂದು ಅವನೇ ಹೇಳಿದ. ಮೇಷ್ಟ್ರುಗಳ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ನಗು ಅವನಿಗೆ ಬೇಕಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಚಹಾ ತೆಂಗಿನ ಕರಟದಲ್ಲಿ ಬರುತ್ತಿತ್ತು. ಕರಟ ಕಿಟಕಿಯ ಹೊರಗಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಬೇಕು. ಒಂದು ದಿನ ಅವನು ಸಾಹೇಬರ ಕೆಮ್ಮು ತೆಗೆದ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಕೆಂಚವೀರಪ್ಪ ಮೇಷ್ಟ್ರು ಮೈಮರೆತು ಕೈಗೆ ಸಿಕ್ಕ ಗಾಜಿನ ಗ್ಲಾಸನ್ನೇ ಅವನಿಗೆ ಕೊಟ್ಟರು. ಕೊಟ್ಟದ್ದನ್ನು ಕಸಿಯಲಿಲ್ಲ. ಮರುದಿನವೂ ಗ್ಲಾಸು ಬಂತು. ಮರುದಿನವೂ ಅವನು ನಗಿಸಿದ. ನಗು ನಿಂತರೆ ಕರಟ ಬರುತ್ತದೆ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅಣಕಿಸಲು ಸಾಹೇಬರು ಮುಗಿದರು. ಅಮಲ್ದಾರರು ಮುಗಿದರು. ಕೊನೆಗೆ ತನ್ನ ಕೇರಿಯನ್ನೇ ತೆಗೆದ. ಕುಡಿದು ಬಿದ್ದ ಚಿಕ್ಕಪ್ಪ. ತೊದಲುವ ನೆರೆಯವನು. ಸತ್ತ ಎಮ್ಮೆಗೆ ಚೌಕಾಸಿ ಮಾಡುವ ತನ್ನ ತಾಯಿ ದ್ಯಾಮವ್ವ. ತಾಯಿಗೆ ಎಲ್ಲಕ್ಕಿಂತ ಹೆಚ್ಚು ನಕ್ಕರು. ಅವತ್ತೂ ಚಹಾ ಬಂತು. ಕುಡಿದ. ಗ್ಲಾಸಿನಲ್ಲಿ ಕುಡಿದ.

ಕಂದಕ ತೋಡಿದವರು ಕೇರಿಯ ಮಕ್ಕಳು. ಹೆಡ್ ಮೇಷ್ಟ್ರು ಮಾಲತೇಶಪ್ಪ ಅದಕ್ಕೆ ಶ್ರಮದಾನ ಎಂದು ಹೆಸರಿಟ್ಟರು. ಶ್ರಮ ಕೇರಿಯದು. ದಾನ ಯಾರದೋ. ಉಳಿದ ಮಕ್ಕಳು ಸುಣ್ಣದ ಗೆರೆ ಎಳೆದು ನೆರಳಲ್ಲಿ ಕೂತರು. ಎರೆ ಮಣ್ಣು ಮಳೆಗೆ ನೆನೆದಿತ್ತು. ಗುದ್ದಲಿ ಎತ್ತಿದರೆ ಹೆಂಟೆ ಅಂಟಿಕೊಂಡೇ ಬರುತ್ತಿತ್ತು. ನಾಲ್ಕನೇ ಕ್ಲಾಸಿನ ಕೊಟ್ರವ್ವ, ಎಲ್ಲರೂ ಕೊಟ್ರಿ ಎನ್ನುವ ಭೀಮವ್ವನ ಮಗಳು, ಮಣ್ಣಿನ ಬುಟ್ಟಿ ಹೊತ್ತಳು. ನೆತ್ತಿ ನೊಂದಿತು. ಅಂಗೈಯ ಬೊಬ್ಬೆ ಒಡೆಯಿತು. ಮಧ್ಯಾಹ್ನದ ಪಾಠಕ್ಕೆ ಬಳಪ ಹಿಡಿಯಲಾಗದೆ ಬೆರಳು ಬಾಯಲ್ಲಿಟ್ಟುಕೊಂಡು ಕೂತಳು. ಮೈಲಪ್ಪ ನೋಡಿದ. ನೋಡಿ ಪಾಠ ಮುಂದುವರಿಸಿದ.

ಮೊದಲ ಡ್ರಿಲ್ಲಿನ ದಿನ ಅವನು ಕೂಗಿದ. ಕೇರಿಯ ಮಕ್ಕಳು ಎಲ್ಲರಿಗಿಂತ ಮೊದಲು ಓಡಿ ಕಂದಕಕ್ಕೆ ಧುಮುಕಿದರು. ತೋಡಿದವರಿಗೆ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಿತ್ತು. ಉಳಿದ ಮಕ್ಕಳು ದಂಡೆಯ ಮೇಲೆ ನಿಂತರು. ಇಳಿಯಲಿಲ್ಲ. ಹೆಡ್ ಮೇಷ್ಟ್ರು ಕಚ್ಚೆ ಎತ್ತಿಕೊಂಡು ಬಂದರು. ಮೂಗಿನಲ್ಲಿ ಮಾತಾಡುವವರು. ಪ್ರತಿ ಮಾತಿನ ಬಾಲಕ್ಕೂ ‘ತಿಳೀತಲ್ಲಾ’ ಕಟ್ಟುವವರು.

“ಹ್ಞಾಂ... ಕೇರಿ ಮಕ್ಕಳೂ, ಗೋಡೆ ಕಡೇ! ಗೋಡೇನೂ ರಕ್ಷಣೇನೇ. ತಿಳೀತಲ್ಲಾ?”

ಕೇರಿಯ ಮಕ್ಕಳು ಮೇಲೆ ಹತ್ತಿದರು. ಬಯಲಿನ ಹಿಂದೆ ಮಣ್ಣಿನ ಕಾಂಪೌಂಡು ಗೋಡೆಯಿತ್ತು. ಅದರ ಬುಡದಲ್ಲಿ ಬೋರಲು ಮಲಗಿ ಕಿವಿ ಮುಚ್ಚಿಕೊಂಡರು. ಕೆಂಚವೀರಪ್ಪ ಮೇಷ್ಟ್ರು ತಂಬಿಗೆ ತಂದು ಕಂದಕಕ್ಕೆ ನೀರು ಚಿಮುಕಿಸಿದರು. ಆಮೇಲೆ ಊರಿನ ಮಕ್ಕಳು ಇಳಿದರು. ಮೈಲಪ್ಪ ಆಲ್ ಕ್ಲಿಯರ್ ಊದಿದ.

ಅಂದಿನಿಂದ ಪ್ರತಿ ಡ್ರಿಲ್ಲಿಗೂ ಅದೇ ಕೂಗು, ಅದೇ ಗೋಡೆ. ಮಳೆ ಹಿಡಿಯಿತು. ಗೋಡೆ ಬಸುರಿಯ ಹಾಗೆ ಹೊಟ್ಟೆ ಬಿಟ್ಟಿತು. ಎಲ್ಲರೂ ನೋಡಿದರು.

ಆ ಬುಧವಾರ ಹೆಡ್ ಮೇಷ್ಟ್ರು ಕಚೇರಿ ಕೆಲಸಕ್ಕೆಂದು ದಾವಣಗೆರೆಗೆ ಹೋಗಿದ್ದರು.

“ಹೆಡ್ ಮೇಷ್ಟ್ರಿಲ್ಲ, ಡ್ರಿಲ್ ಬ್ಯಾಡ ಬಿಡ್ರಿ ಇವತ್ತು,” ಎಂದರು ಕೆಂಚವೀರಪ್ಪ.

“ಯಾಕಿಲ್ಲ? ಇಲ್ಲೇ ಅದಾರಲ್ರೀ,” ಎಂದು ಮೈಲಪ್ಪ ತನ್ನ ಗಂಟಲು ಮುಟ್ಟಿ ತೋರಿಸಿದ. ಕೈಯಲ್ಲಿ ಗ್ಲಾಸಿತ್ತು. ಕೋಣೆಯಲ್ಲಿ ನಗು ಆಗಲೇ ಶುರುವಾಗಿತ್ತು.

ಮಕ್ಕಳಿಗೆ ಕಾಣದ ಹಾಗೆ ಕಿಟಕಿಯ ಪರದೆಯ ಹಿಂದೆ ನಿಂತು ಸೈರನ್ ಕೂಗಿದ. ಮಕ್ಕಳು ಓಡಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆಡಲು ಬಂದವನಿಗೆ ನಿಲ್ಲಿಸಲು ಬರುವುದಿಲ್ಲ. ಮೂಗು ಬಿಗಿಹಿಡಿದ. “ಹ್ಞಾಂ... ಕೇರಿ ಮಕ್ಕಳೂ, ಗೋಡೆ ಕಡೇ! ತಿಳೀತಲ್ಲಾ?” ಕೆಂಚವೀರಪ್ಪ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹೊರಗೆ ಕೇರಿಯ ಮಕ್ಕಳು ಗೋಡೆಯ ಕಡೆ ಓಡಿದರು. ನಗು ಮುಗಿಯುವ ಮೊದಲೇ ಗೋಡೆ ಬಿತ್ತು.

ಬಾಂಬು ಬಿದ್ದಿತೆಂದೇ ಎಲ್ಲರೂ ತಿಳಿದರು. ಕಂದಕದಲ್ಲಿದ್ದವರು ಒಬ್ಬರನ್ನೊಬ್ಬರು ತುಳಿದು ಮೇಲೆ ಹತ್ತಿದರು. ಮೈಲಪ್ಪ ಬರಿಗೈಯಲ್ಲಿ ಮಣ್ಣು ತೋಡಿದ. ಬೆನ್ನು ತರಚಿದವರು, ತಲೆ ಒಡೆದವರು ಸಿಕ್ಕರು. ಎಲ್ಲರೂ ಉಸಿರಾಡುತ್ತಿದ್ದರು. ಕೊನೆಗೆ ಕೊಟ್ರಿ ಸಿಕ್ಕಳು. ಬಲಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಎರಡೂ ಕೈ ಇನ್ನೂ ಕಿವಿಯ ಮೇಲಿದ್ದವು. ಹೇಳಿಕೊಟ್ಟ ಹಾಗೆ.

ವಿಚಾರಣೆಗೆ ಮೇಲಿನವರು ಬಂದರು. ಮಾಲತೇಶಪ್ಪ ಹೇಳಿದರು, “ನಾನು ಅವತ್ತು ಊರಲ್ಲೇ ಇರಲಿಲ್ಲ ಸ್ವಾಮಿ. ಕೇರಿ ಹುಡುಗರಿಗೆ ಶಿಸ್ತಿಲ್ಲ. ಕಂದಕ ಬಿಟ್ಟು ತಾವೇ ಹೋಗಿ ಗೋಡೆ ಬುಡಕ್ಕೆ ಬಿದ್ಕೊಂಡ್ರು. ತಿಳೀತಲ್ಲಾ?” ಊರಲ್ಲಿರಲಿಲ್ಲ ಎಂಬುದು ನಿಜ. ಆ ಒಂದು ನಿಜವನ್ನು ಕೋಣೆಯ ಎಲ್ಲ ಮೇಷ್ಟ್ರುಗಳೂ ಕೊಡೆಯ ಹಾಗೆ ಹಿಡಿದರು. ಕೊಡೆಯ ಕೆಳಗೆ ಮೈಲಪ್ಪನಿಗೂ ಜಾಗವಿತ್ತು.

ಕೊಟ್ರಿ ಮಾತ್ರ ಆಸ್ಪತ್ರೆಗೆ ಬಂದು ಕೇಳಿದವರ ಮುಂದೆಯೂ ಹೇಳಿದಳು. ಹೆಡ್ ಮೇಷ್ಟ್ರು ಕೂಗಿದ್ರು. ನಾನು ಕೇಳೀನಿ. ಅಷ್ಟಕ್ಕೆ ಊರು ಅವಳಿಗೆ ಹೆಸರಿಟ್ಟಿತು, ಸುಳ್ಳಿ ಕೊಟ್ರಿ. ದೊಡ್ಡವರ ಮೇಲೆ ಇಲ್ಲದ್ದು ಹೇಳಿದ ಹುಡುಗಿ ಎಲ್ಲರ ಮುಂದೆ ತಪ್ಪಾತು ಅನ್ನಬೇಕು, ಇಲ್ಲದಿದ್ದರೆ ಶಾಲೆಯಿಂದ ಹೆಸರು ಹೊಡೆಯುತ್ತೇನೆ ಎಂದರು ಮಾಲತೇಶಪ್ಪ.

ಮೈಲಪ್ಪ ಮೋಸಂಬಿ ಹಿಡಿದು ದಾವಣಗೆರೆಯ ಆಸ್ಪತ್ರೆಗೆ ಹೋದ. ಕಾಲಿಗೆ ಸಿಮೆಂಟು ಪಟ್ಟಿ ಕಟ್ಟಿದ್ದರು. ಕೂಡಿಕೊಂಡರೂ ಕಾಲು ತುಸು ಗಿಡ್ಡವಾಗುತ್ತದೆ ಎಂದು ಡಾಕ್ಟರು ಭೀಮವ್ವನಿಗೆ ಹೇಳಿದ್ದರು.

“ಸಾರ್,” ಎಂದಳು ಕೊಟ್ರಿ. “ಹೆಡ್ ಮೇಷ್ಟ್ರು ಅವತ್ತು ಊರಾಗೇ ಇರ್ಲಿಲ್ಲಂತೆ.”

“ಹೂಂ.”

“ಮತ್ತೆ ಕೂಗಿದ್ಯಾರು ಸಾರ್?”

ಮೈಲಪ್ಪ ಬಾಯಿ ತೆರೆದ. ಬಂದದ್ದು ರೈಲು. ಪೂನಾ ಕಡೆಯ ರೈಲು ಹೊಳೆ ಸೇತುವೆ ಏರುವ ಸದ್ದು, ಗಡಗಡ, ಉದ್ದನೆಯ ಸಿಳ್ಳು. ಕೊಟ್ರಿ ನಕ್ಕಳು. ನಕ್ಕರೆ ಕಾಲು ನೋಯುತ್ತಿತ್ತು. ನೋಯುತ್ತಲೇ ನಕ್ಕಳು. ಪಕ್ಕದ ಹಾಸಿಗೆಯವರೂ ನಕ್ಕರು. ಊರಿಗೆ ಮರಳುವ ಬಸ್ಸು ಶಾಮನೂರು ದಾಟಿದರೂ ಅವನು ತಲೆ ಎತ್ತಿರಲಿಲ್ಲ.

ಯುದ್ಧ ನಿಂತಿತು. ಅಂಜಿಕೆ ನಿಲ್ಲಲಿಲ್ಲ. ಗಂಟೆ ಹೊಡೆದರೆ ಮಕ್ಕಳು ಬೆಂಚಿನ ಕೆಳಗೆ ನುಗ್ಗುತ್ತಿದ್ದರು. ಬಾಗಿಲು ಬಡಿದುಕೊಂಡರೆ ಚಡ್ಡಿ ಒದ್ದೆ. ಅರ್ಧ ಶಾಲೆ ಬರುವುದನ್ನೇ ಬಿಟ್ಟಿತು. ತಾಯತ ಕಟ್ಟಿಸಿದರು. ಮಂಡಕ್ಕಿ ಬೆಲ್ಲ ಹಂಚಿದರು. ಏನೂ ಆಗಲಿಲ್ಲ. ಶಾಲೆಯ ಕಮಿಟಿಯ ಗೋಣೆಪ್ಪ, ಹೊಲಮನೆಯುಳ್ಳ ಹಿರಿಯ, ತನ್ನ ಮೊಮ್ಮಗ ನಿದ್ದೆಯಲ್ಲಿ ಚೀರುತ್ತಾನೆಂದು ಬೇಸತ್ತು ಹೇಳಿದ:

“ಇದಕ್ಕೆ ಬಾನಿ ನೀರೇ ಮದ್ದು. ನಮ್ಮ ಕಾಲಕ್ಕೂ ಅದೇ. ದ್ಯಾಮೀನ ಕರಸ್ರಿ.”

ಬಾನಿಯೆಂದರೆ ಕೇರಿಯಲ್ಲಿ ಚರ್ಮ ನೆನೆಹಾಕುವ ದೊಡ್ಡ ಮಣ್ಣಿನ ಪಾತ್ರೆ. ಒಳಗೆ ತಂಗಡಿ ಗಿಡದ ಚಕ್ಕೆ ನೆನೆದ ಕೆಂಪು ನೀರು. ಮೂಗು ಮುಚ್ಚಿಸುವ ನಾತ. ಅಂಜಿದ ಮಗುವನ್ನು ‘ಯಾತಕ್ಕ ಅಂಜಿದಿ’ ಎಂದು ಕೇಳಬೇಕು. ಮಗು ಬಾಯಿಬಿಟ್ಟು ಹೇಳಬೇಕು. ಹೇಳಿದ ಕೂಡಲೇ ಮುಖಕ್ಕೆ ಆ ನೀರು ಹೊಡೆದು ‘ಹೋತು’ ಅನ್ನಬೇಕು. ಅಂಜಿಕೆ ಬಿಡುತ್ತದೆ ಎಂದು ಊರು ನಂಬಿತ್ತು. ಕೇರಿಯ ಕೈ ತಗಲಿದರೆ ಶಾಲೆಯ ಗುಡಾಣದ ನೀರು ಮೈಲಿಗೆ. ಕೇರಿಯ ಕೊಳೆನೀರು ಊರಿನ ಮುಖಕ್ಕೆ ಬಿದ್ದರೆ ಮದ್ದು. ಹೆಸರಿನಲ್ಲೇ ಅರ್ಧ ಮೈಲಿಗೆ ಹೊತ್ತ ಮೈಲಪ್ಪ ಬೇರೆ ದಿನವಾದರೆ ಇದರ ಮೇಲೆ ಒಂದು ನಗೆ ಕಟ್ಟುತ್ತಿದ್ದ. ಅವತ್ತು ಕಟ್ಟಲಿಲ್ಲ. ದಿನಾ ಬೆಳಿಗ್ಗೆ ವಾಸನೆಯ ಸೋಪು ಉಜ್ಜಿ ಉಜ್ಜಿ ಮೈಯಿಂದ ಬಿಡಿಸಿಕೊಂಡು ಬರುತ್ತಿದ್ದ ನಾತವನ್ನೇ ಅವರು ಕೊಡದಲ್ಲಿ ತರಲು ಹೇಳುತ್ತಿದ್ದರು.

ಅವನು ಹೇಳಿದಾಗ ದ್ಯಾಮವ್ವ ಬಾನಿಯಲ್ಲಿ ನಿಂತು ಚರ್ಮ ತುಳಿಯುತ್ತಿದ್ದಳು. ಮೊಣಕಾಲಿನವರೆಗೆ ಕೆಂಪು.

“ಯಾರ್ ಮಕ್ಳಿಗೆ?”

“ಎಲ್ಲಾ ಮಕ್ಳಿಗೂ ಯವ್ವ.”

“ಎಲ್ಲಾ ಅಂದ್ರೆ ಕೊಟ್ರಿಗೂನಾ?”

“ಆಕಿ ಮೊದ್ಲು ತಪ್ಪಾತು ಅನ್ನಬೇಕಂತೆ.”

“ತಪ್ಪು ಯಾರ್ದೋ?”

ದ್ಯಾಮವ್ವ ತುಳಿಯುತ್ತಲೇ ಇದ್ದಳು.

“ನಿಮ್ಮಪ್ಪ ಸತ್ತ ವರ್ಷ ನೀನು ಅವನ ದನೀಲಿ ನನ್ನ ಕರದಿದ್ದಿ. ನೆಪ್ಪೈತಾ? ನಾನು ಕೆಲಸ ಬಿಟ್ಟು ಬಾಗಿಲಿಗೆ ಓಡಿ ಬಂದೆ. ನೀನು ನಕ್ಕಂತ ನಿಂತಿದ್ದಿ.” ಒಂದು ಕಾಲೆತ್ತಿ ಚರ್ಮ ಮಗುಚಿದಳು. “ಅವತ್ತು ಹೊಡದೆ. ಸಾಲಲಿಲ್ಲ ಕಾಣ್ತೈತೆ.”

ಮತ್ತೆ ತುಳಿಯತೊಡಗಿದಳು.

ಸೋಮವಾರ ಬಯಲಲ್ಲಿ ಎಲ್ಲರೂ ಸೇರಿದರು. ಊರಿನ ಮಕ್ಕಳು ಸಾಲಾಗಿ ಮುಂದೆ. ಹಿಂದೆ ಅವರ ತಾಯಿತಂದೆಯರು, ಮೂಗಿಗೆ ಸೆರಗು, ಟವೆಲು. ಕೇರಿಯ ಮಕ್ಕಳು ದೂರದಲ್ಲಿ ಬೇವಿನ ಮರದ ಕೆಳಗೆ. ಅವರಿಗೂ ನಿದ್ದೆಯಿಲ್ಲವೇ ಎಂದು ಯಾರೂ ಕೇಳಿರಲಿಲ್ಲ. ದ್ಯಾಮವ್ವ ಕೊಡ ಇಳಿಸಿದಳು. ಬೇವಿನ ಸೊಪ್ಪು ಅದ್ದಿದಳು.

“ಯಾತಕ್ಕ ಅಂಜಿದ್ಯಪ್ಪ?”

“ಗೋಡೆ ಸದ್ದಿಗೆ,” ಎಂದ ಗೋಣೆಪ್ಪನ ಮೊಮ್ಮಗ.

ಛಟ್ಟನೆ ನೀರು. “ಹೋತು.”

“ನೀ ಯಾತಕ್ಕವ್ವ?”

“ಎಲ್ರೂ ನನ್ನ ತುಳಿದ್ರು, ಅದ್ಕೆ.”

ನೀರು. “ಹೋತು.”

ಮಕ್ಕಳು ಮುಖ ಕಿವುಚಿದರು, ಅತ್ತರು, ಅತ್ತವರು ಹಗುರಾಗಿ ಮೂಗು ಒರೆಸಿಕೊಂಡರು. ಸಾಲು ಮುಗಿಯಿತು. ಮಾಲತೇಶಪ್ಪ ಮುಂದೆ ಬಂದರು.

“ಹ್ಞಾಂ. ಇನ್ನು ಆ ಸುಳ್ಳಿ. ಬಾಮ್ಮ ಇಲ್ಲಿ. ತಪ್ಪಾತು ಅನ್ನು, ನಿನ್ನ ಹೆಸರು ಶಾಲೇಲಿರುತ್ತೆ. ತಿಳೀತಲ್ಲಾ?”

ಕೊಟ್ರಿ ಬಿದಿರು ಕೋಲೂರಿಕೊಂಡು ಬಂದಳು. ಸಿಮೆಂಟು ಕಟ್ಟಿದ ಕಾಲು ಮಣ್ಣಿನಲ್ಲಿ ಗೆರೆ ಎಳೆಯಿತು. ಭೀಮವ್ವ ಹಿಂದಿನಿಂದ, “ಅಂದುಬಿಡೇ, ನಿನ್ ಕಾಲಿಗೆ ಬೀಳ್ತೀನಿ,” ಎಂದಳು.

ದ್ಯಾಮವ್ವ ನಡುವೆ ಬಂದಳು. “ತಡೀರಿ ಸ್ವಾಮಿ. ಮೊದ್ಲು ಅಂಜಿಕೆ. ಆಮ್ಯಾಲೆ ತಪ್ಪು. ಯಾತಕ್ಕ ಅಂಜಿದೆವ್ವ?”

ಕೊಟ್ರಿ ತಾಯಿಯನ್ನು ನೋಡಿದಳು. ಹೆಡ್ ಮೇಷ್ಟ್ರನ್ನು ನೋಡಿದಳು. “ಹೆಡ್ ಮೇಷ್ಟ್ರ ಕೂಗಿಗೆ,” ಎಂದಳು.

“ನೋಡಿದ್ರಾ! ನೋಡಿದ್ರಾ!” ಎಂದರು ಮಾಲತೇಶಪ್ಪ.

ಗೋಣೆಪ್ಪ ಕೋಲು ಎತ್ತಿದ. “ಏ ದ್ಯಾಮಿ, ನೀರು ಹಾಕಿ ಮುಗಸೇ.”

“ಹೆಂಗೆ ಹಾಕಲಿ ಸೌಕಾರ್ರೆ? ಅಂಜಿದ್ದು ಸುಳ್ಳಾದ್ರೆ ನನ್ ನೀರೂ ಸುಳ್ಳು. ನಿಮ್ ಮೊಮ್ಮಗಗೆ ಹಾಕಿದ್ದೂ ಸುಳ್ಳು.” ಸೊಪ್ಪನ್ನು ಕೊಡದೊಳಗೆ ಬಿಟ್ಟಳು. “ಬಗೆಹರೀಲಿ. ನಾ ಕುಂತಿರ್ತೀನಿ.”

ಕೂತಳು. ಮಗನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ತಲೆ ತಗ್ಗಿಸುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ನೋಡಲಿಲ್ಲ.

ಕೆಂಚವೀರಪ್ಪ ಮೇಷ್ಟ್ರು ಮೈಲಪ್ಪನತ್ತ ತಲೆಯಾಡಿಸಿದರು. ಸಣ್ಣಗೆ. ಬ್ಯಾಡ. ಅವರ ಹಿಂದೆ ಕೋಣೆಯ ಕಿಟಕಿ. ಕಿಟಕಿಯಲ್ಲಿ ಗ್ಲಾಸುಗಳು ತೊಳೆದು ಸಾಲಾಗಿ ಬೋರಲು ಹಾಕಿದ್ದವು. ತನ್ನದು ಯಾವುದೆಂದು ಮೈಲಪ್ಪನಿಗೆ ಇಷ್ಟು ದೂರದಿಂದಲೂ ಗೊತ್ತಾಯಿತು.

ಕೊಟ್ರಿಯ ಬಾಯಿ ಅಲುಗಿತು. ‘ತ’ ಅಂದಳು.

“ಹ್ಞಾಂ... ಕೇರಿ ಮಕ್ಕಳೂ, ಗೋಡೆ ಕಡೇ! ತಿಳೀತಲ್ಲಾ?”

ಜನ ಮಾಲತೇಶಪ್ಪನವರ ಕಡೆ ತಿರುಗಿದರು. ಅವರ ಬಾಯಿ ತೆರೆದೇ ಇತ್ತು. ಆದರೆ ದನಿ ಬಂದದ್ದು ಅಲ್ಲಿಂದಲ್ಲ. ಮೈಲಪ್ಪ ಇಷ್ಟೇ ಅಂದುಕೊಂಡಿದ್ದ: ಕೂಗುತ್ತೇನೆ, ಅವರು ನನ್ನ ಕಡೆ ತಿರುಗುತ್ತಾರೆ, ಹುಡುಗಿ ಉಳಿಯುತ್ತಾಳೆ. ಅವನು ಒಂದನ್ನು ಮರೆತಿದ್ದ.

ಬೇವಿನ ಮರದ ಕೆಳಗಿದ್ದ ಕೇರಿಯ ಮಕ್ಕಳು ಎದ್ದರು. ಎದ್ದು ಓಡಿದರು. ಯಾರೂ ಅಳಲಿಲ್ಲ, ಯಾರೂ ಕೇಳಲಿಲ್ಲ. ಬಿದ್ದ ಗೋಡೆಯ ಮಣ್ಣುಗುಪ್ಪೆಯ ಮೇಲೆ ಹೋಗಿ ಬೋರಲು ಮಲಗಿ ಕಿವಿ ಮುಚ್ಚಿಕೊಂಡರು. ಕೊಟ್ರಿಯೂ ಹೊರಟಳು. ಕೋಲು ಜಾರಿತು. ಬಿದ್ದಳು. ತೆವಳುತ್ತ ಹೋದಳು. ಸಿಮೆಂಟಿನ ಕಾಲು ಹಿಂದೆ ಹಿಂದೆ ಬಂತು.

ಶಿಸ್ತಿಲ್ಲದ ಕೇರಿಯ ಮಕ್ಕಳ ಶಿಸ್ತನ್ನು ಎಲ್ಲರೂ ನೋಡಿದರು.

“ಅವತ್ತು ಕೂಗಿದ್ದು ನಾನು,” ಎಂದ ಮೈಲಪ್ಪ. “ಕಲಿಸಿದ್ದು ಈ ಹೆಡ್ ಮೇಷ್ಟ್ರು. ನಕ್ಕಿದ್ದು ನಾವೆಲ್ಲಾ.”

ಮಾಲತೇಶಪ್ಪ ಸುಧಾರಿಸಿಕೊಂಡರು. ಮೊದಲು ಹೊಳೆದದ್ದು ಆ ಮಕ್ಕಳನ್ನು ಎಬ್ಬಿಸುವುದು. ಹೆಚ್ಚು ಜನ ನೋಡುವ ಮೊದಲು.

“ಆಲ್ ಕ್ಲಿಯರ್ ಊದ್ರೀ ಮೈಲಪ್ಪ! ಎಬ್ಬಸ್ರೀ ಅವರನ್ನ!”

“ಕ್ಲಿಯರ್ ಆಗಿಲ್ಲ ಸಾರ್.”

“ಊದ್ರೀ ಅಂದೆ!”

“ಊದಲ್ಲ.”

ಮೈಲಪ್ಪ ಮಣ್ಣುಗುಪ್ಪೆಯ ಕಡೆ ನಡೆದ. “ಏಳ್ರಪ್ಪ,” ಎಂದ. ಯಾರೂ ಏಳಲಿಲ್ಲ. “ಏಳ್ರೋ, ನಾನು.” ಆ ದನಿ ಯಾರದೆಂದು ಮಕ್ಕಳಿಗೆ ತಿಳಿಯಲಿಲ್ಲ. ಅದರಲ್ಲಿ ಸಾಹೇಬರಿರಲಿಲ್ಲ, ರೈಲಿರಲಿಲ್ಲ. ಒಣಗಿದ, ಒಡೆದ, ಕೇರಿಯ ದನಿ. ಅದನ್ನು ಆ ಬಯಲಲ್ಲಿ ಅವನು ಯಾವತ್ತೂ ಬಳಸಿರಲಿಲ್ಲ.

ಅವನು ಬಗ್ಗಿದ. ಕೊಟ್ರಿಯನ್ನು ಎತ್ತಿದ. ಹಗುರವಾಗಿದ್ದಳು, ಕಾಲೊಂದೇ ಭಾರ. ಎತ್ತಿಕೊಂಡು ಹೋಗಿ ಅವಳೇ ಮಣ್ಣು ಹೊತ್ತ ಕಂದಕಕ್ಕಿಳಿದು ಅಲ್ಲಿ ಕೂರಿಸಿದ. ಮತ್ತೆ ಬಂದ. ಇನ್ನೊಂದು ಮಗು. ಮತ್ತೆ ಬಂದ. ಮಳೆನೀರು ನಿಂತ ಕೆಸರಿನಲ್ಲಿ ಮೊಣಕಾಲು ಹೂತವು. ಬೆವರಿಗೆ ಸೋಪಿನ ವಾಸನೆ ಬಿಟ್ಟುಹೋಯಿತು. ಭೀಮವ್ವ ಬಂದು ಇನ್ನೊಂದು ಮಗುವನ್ನು ಎತ್ತಿಕೊಂಡಳು.

“ಕಂದಕ ಕೆಡಸಬ್ಯಾಡ್ರೋ!” ಎಂದು ಗೋಣೆಪ್ಪ ಕೂಗಿದ. ಯಾರೂ ತಿರುಗಲಿಲ್ಲ. ಕೆಲವರು ಮಕ್ಕಳ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋದರು. ಕೆಲವರು ನಿಂತೇ ಇದ್ದರು.

ದ್ಯಾಮವ್ವ ಕೊಡ ಹೊತ್ತು ಕಂದಕಕ್ಕೆ ಇಳಿದಳು. ಒಂದೊಂದು ಮಗುವಿನ ಮುಂದೆ ಕೂತು ಕೇಳಿದಳು. ಒಂದೊಂದು ಮಗುವೂ ಅದನ್ನೇ ಹೇಳಿತು. ಹೆಡ್ ಮೇಷ್ಟ್ರ ಕೂಗಿಗೆ. ನೀರು. ಹೋತು. ಕೂಗಿಗೆ. ನೀರು. ಹೋತು. ಕೊಟ್ರಿಯ ಮುಖಕ್ಕೆ ಎರಡು ಸಲ ಹೊಡೆದಳು. “ಸುಳ್ಳಿ ಅಲ್ಲ ನನ್ನವ್ವ,” ಎಂದಳು. “ಹೋತು.”

ಕೊಡದ ತಳದಲ್ಲಿ ಸ್ವಲ್ಪ ಉಳಿಯಿತು. ಅವಳು ಮಗನ ಮುಂದೆ ಬಂದು ನಿಂತಳು.

“ನೀ ಯಾತಕ್ಕ ಅಂಜಿದ್ಯೋ?”

ಮೈಲಪ್ಪ ಮೇಲೆ ನೋಡಿದ. ಕಂದಕದ ಅಂಚಿನಾಚೆ ಕಿಟಕಿ ಕಾಣುತ್ತಿತ್ತು.

“ಗ್ಲಾಸಿಗೆ ಯವ್ವ,” ಎಂದ. “ಚಾ ಕುಡಿಯೋ ಗ್ಲಾಸಿಗೆ.”

ನೀರು ಮುಖಕ್ಕೆ ಬಡಿಯಿತು. ತಣ್ಣಗಿತ್ತು. ನಾರುತ್ತಿತ್ತು. ಕಣ್ಣು, ಮೂಗು, ಬಾಯಿ, ಎಲ್ಲ ಕಡೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಕಾದ.

ದ್ಯಾಮವ್ವ ಹೋತು ಅನ್ನಲಿಲ್ಲ. ಬರಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಮೇಲೆ ಹತ್ತಿದಳು.